ಬೋರ್ಡೋ ಕೆಂಪು ವೈನ್: ಸ್ಪಿರಿಟ್ ಘಾಟು, ವಿಪರೀತ ಒಗರು. ತಪ್ಪು ಎಲ್ಲಿ?

ಕಾಳಿತೀರ (ಕಾರವಾರ):
ಓ-ಮೆಡೋಕ್ (ಫ್ರಾನ್ಸಿನ ಬೋರ್ಡೋದಲ್ಲಿನ ಮೆಡೋಕ್ ಸೀಮೆಯ ವೈನ್), 2016ರ ಬಾಟ್ಲಿ, ಆಲ್ಕೋಹಾಲ್ 13.5%. ಕೆಂಪು ವೈನ್ ರೂಮ್ ಟೆಂಪರೇಚರ್‌ನಲ್ಲೇ ಇರಬೇಕು ಅಂತಾರಲ್ಲ, ಹಾಗಾಗಿ ಫ್ರಿಜ್‌ಗೆ ಇಟ್ಟಿರಲಿಲ್ಲ. ಮೂಗಿಗೆ ಸ್ಪಿರಿಟ್ ಘಾಟು, ಬಾಯಲ್ಲಿ ಒಸಡು ಒಣಗುವಷ್ಟು ಒಗರು. ಬಂಗುಡೆ ಫ್ರೈ ಜೊತೆಗಂತೂ ಕಬ್ಬಿಣ ನೆಕ್ಕಿದ ಹಾಗೆ. ವೈನ್ ಕೆಟ್ಟಿದೆಯಾ? ಇನ್ನೊಂದು: ಬ್ಲ್ಯಾಕ್‌ಕರಂಟ್ ಹಣ್ಣನ್ನೇ ಕಾಣದ ನಾವು ಅದರ ಪರಿಮಳವನ್ನು ವೈನಿನಲ್ಲಿ ಹುಡುಕುವುದು ಹೇಗೆ?

ಬೈತಖೋಲ್:
ಕೆಟ್ಟಿರಲಿಕ್ಕಿಲ್ಲ, ಬಿಸಿಯಾಗಿದೆ ಅಷ್ಟೆ. ಆ ‘ರೂಮ್’ ಫ್ರಾನ್ಸಿನ ಹಳೆಯ ಕಲ್ಲಿನ ಮನೆಯದು, 16ರಿಂದ 18 ಡಿಗ್ರಿ. ಏಪ್ರಿಲ್‌ನಲ್ಲಿ ಕಾರವಾರದ ಕೋಣೆ 32 ಡಿಗ್ರಿ. ಆ ಬಿಸಿಗೆ ಮೊದಲು ಏಳುವುದು ಆಲ್ಕೋಹಾಲ್, ಹಣ್ಣಿನ ಪರಿಮಳ ಅದರಡಿ ಮುಚ್ಚಿಹೋಗುತ್ತದೆ. ಫ್ರಿಜ್‌ನಲ್ಲಿ ಸುಮಾರು ಎರಡು ತಾಸು ಇಡಿ. ಅವಸರವಿದ್ದರೆ ಬಕೆಟ್ಟಿಗೆ ಅರ್ಧ ಐಸ್, ಅರ್ಧ ನೀರು ಹಾಕಿ ಬಾಟ್ಲಿಯನ್ನು ಕುತ್ತಿಗೆವರೆಗೆ ಮುಳುಗಿಸಿ, ಹತ್ತು ನಿಮಿಷ ಸಾಕು. ಬರೀ ಐಸ್ ತುಂಬಬೇಡಿ, ನಡುವೆ ಗಾಳಿ ಉಳಿದು ತಂಪು ನಿಧಾನಕ್ಕೆ ತಾಗುತ್ತದೆ. 15 ಡಿಗ್ರಿಗೇ ಸುರಿಯಿರಿ, ಗ್ಲಾಸಿನಲ್ಲಿ ಬೇಗ ಏರುತ್ತದೆ. ಆದರೆ 10ಕ್ಕೆ ಇಳಿಸಿದರೆ ಒಗರು ಇನ್ನೂ ಗಡುಸಾಗುತ್ತದೆ.

ನಿಜವಾಗಿ ಕೆಟ್ಟದ್ದರ ಗುರುತು ಬೇರೆ. ಒದ್ದೆ ರಟ್ಟಿನ ವಾಸನೆ ಬಂದರೆ ಕಾರ್ಕ್‌ನಿಂದ ಬಂದ ಟಿಸಿಎ ಎಂಬ ರಾಸಾಯನಿಕ. ಗಾಳಿಗೆ ಬಿಟ್ಟರೂ ಹೋಗುವುದಿಲ್ಲ. ವಿನೆಗರ್ ಅಥವಾ ನೇಲ್ ಪಾಲಿಶ್ ವಾಸನೆ ಅಂದರೆ ಹುಳಿತಿದೆ. ಕಾರ್ಕ್ ಮೇಲೆದ್ದು, ವೈನ್ ಬೇಯಿಸಿದ ಜಾಮಿನಂತಿದ್ದರೆ ಎಲ್ಲೋ ಸೆಕೆಯಲ್ಲಿ ಕೂತಿತ್ತು. ತಳದಲ್ಲಿ ಗಸಿ ಇದ್ದರೆ ಮಾತ್ರ ಹೆದರಬೇಡಿ: ಬಾಟ್ಲಿಯನ್ನು ಒಂದು ದಿನ ನೆಟ್ಟಗೆ ನಿಲ್ಲಿಸಿ, ಮೆಲ್ಲಗೆ ಬಗ್ಗಿಸಿ.

ತೋಟದಂಚು (ಶಿರಸಿ):
ಒಗರು ದೋಷವಲ್ಲ, ಮೆಡೋಕ್‌ನ ಬೆನ್ನೆಲುಬೇ ಅದು. ಅಲ್ಲಿ ಕ್ಯಾಬರ್ನೆ ಸೊವಿನ್ಯೋ ದ್ರಾಕ್ಷಿ ತಳಿ ಹೆಚ್ಚು. ದಪ್ಪ ಸಿಪ್ಪೆ, ತುಂಬಾ ಟ್ಯಾನಿನ್, ಅಂದರೆ ಒಗರಿನ ಅಂಶ. ಹಸಿ ಅಡಿಕೆ ಅಗಿದಾಗ, ಅಡಿಕೆ ಚೊಗರು ನಾಲಿಗೆಗೆ ತಾಗಿದಾಗ ಆಗುವುದೂ ಇದೇ: ಟ್ಯಾನಿನ್ ಎಂಜಲಿನ ಪ್ರೋಟೀನಿಗೆ ಅಂಟಿ ಜಾರಿಕೆ ಕಳೆಯುತ್ತದೆ. ಹುಳಿ ಇದರ ತದ್ವಿರುದ್ಧ, ಬಾಯಲ್ಲಿ ನೀರೂರಿಸುತ್ತದೆ. ಎರಡನ್ನೂ ಬೇರ್ಪಡಿಸಿ ಕಲಿಯಲು 200 ಎಂಎಲ್ ನೀರಿಗೆ ಎರಡು ಚಮಚ ಚಹಾಪುಡಿ ಹಾಕಿ ಐದು ನಿಮಿಷ ಕುದಿಸಿ, ಸೋಸಿ ಆರಿಸಿ. ಪಕ್ಕದಲ್ಲಿ ತೆಳ್ಳಗಿನ ಹುಣಸೆ ನೀರು. ಹುಣಸೆಯಲ್ಲೂ ದ್ರಾಕ್ಷಿಯಲ್ಲೂ ಇರುವುದು ಟಾರ್ಟಾರಿಕ್ ಆಮ್ಲವೇ. ಒಂದೊಂದೇ ಗುಟುಕು ಬಾಯಲ್ಲಾಡಿಸಿ ಉಗುಳಿ. ಆಮೇಲೆ ಚಹಾಕ್ಕೆ ಎರಡು ಚಮಚ ಹಾಲು ಸೇರಿಸಿ ನೋಡಿ, ಒಗರು ಕುಸಿಯುತ್ತದೆ. ಮಾಂಸ, ಚೀಸ್ ಜೊತೆ ಮೆಡೋಕ್ ಮೆತ್ತಗಾಗುವ ಗುಟ್ಟು ಇದೇ.

ಪರಿಮಳದ ವಿಷಯದಲ್ಲಿ ನಮ್ಮ ಕಡೆಯವರೇ ಪುಣ್ಯವಂತರು! ಓಕ್ ಪೀಪಾಯಿಯಿಂದ ವೈನಿಗೆ ಇಳಿಯುವ ಪರಿಮಳಗಳಲ್ಲಿ ವೆನಿಲಿನ್ ನಮ್ಮ ಹದಮಾಡಿದ ವೆನಿಲ್ಲಾ ಕೋಡಿನಲ್ಲಿದೆ, ಯೂಜಿನಾಲ್ ಲವಂಗದಲ್ಲಿದೆ. ಫ್ರಾನ್ಸಿನ ಉತ್ತರ ರೋನ್ ಕಣಿವೆಯ ಸಿರಾ ತಳಿಯ ವೈನಿನಲ್ಲಿ ಕಾಳುಮೆಣಸು ಮೂಗಿಗೆ ಬಡಿದರೆ ಅದು ಹೋಲಿಕೆಯ ಮಾತಲ್ಲ, ಎರಡರಲ್ಲೂ ಇರುವುದು ರೋಟಂಡೋನ್ ಎಂಬ ಒಂದೇ ವಸ್ತು. ಸುಮಾರು ಐದರಲ್ಲಿ ಒಬ್ಬರಿಗೆ ಅದು ತಿಳಿಯುವುದೇ ಇಲ್ಲ, ಮೂಗಿನ ಜನ್ಮಗುಣ. ಬ್ಲ್ಯಾಕ್‌ಕರಂಟ್ ಬದಲು ನೇರಳೆ, ಕವಳಿ ಹಣ್ಣು ಅಂತ ಬರೆದುಕೊಳ್ಳಿ. ನಾಲಿಗೆ ಬಲ್ಲ ಹೆಸರೇ ನೆನಪಿನಲ್ಲಿ ಉಳಿಯುವುದು.

ಒಳಗೆ ಬಾಗಿದ ಬಾಯಿಯ ಗ್ಲಾಸಿಗೆ 50 ಎಂಎಲ್ ಮಾತ್ರ ಸುರಿಯಿರಿ. ಮೊದಲು ಅಲ್ಲಾಡಿಸದೆ ಮೂಸಿ, ಆಮೇಲೆ ತಿರುಗಿಸಿ ಮೂಸಿ. ಎರಡರ ನಡುವಿನ ವ್ಯತ್ಯಾಸದಲ್ಲೇ ಅರ್ಧ ಪಾಠವಿದೆ. ಗುಟುಕನ್ನು ಹತ್ತು ಸೆಕೆಂಡ್ ಬಾಯಲ್ಲಿಟ್ಟು ತುಸು ಗಾಳಿ ಎಳೆಯಿರಿ. ನುಂಗಿದ ಮೇಲೆ ಪರಿಮಳ ಎಷ್ಟು ಸೆಕೆಂಡ್ ಉಳಿಯಿತೆಂದು ಎಣಿಸಿ. ಈ ಒಂದು ಸೆಕೆಂಡಿಗೆ ಫ್ರೆಂಚರು ‘ಕೊದಾಲಿ’ ಎನ್ನುತ್ತಾರೆ.

ಕಾಳಿತೀರ:
ಹಾಗಾದರೆ ಬಂಗುಡೆ ಜೊತೆ ಆಗುವುದೇ ಇಲ್ವಾ?

ಬೈತಖೋಲ್:
ಈ ವೈನ್ ಬೇಡ. ವೈನಿನಲ್ಲಿರುವ ಕಬ್ಬಿಣದಂಶ ಮೀನೆಣ್ಣೆಯನ್ನು ಒಡೆದು ಆ ಕಮಟು ರುಚಿ ಹುಟ್ಟಿಸುತ್ತದೆ; ಬಂಗುಡೆ, ತಾರ್ಲೆಯಂಥ ಎಣ್ಣೆ ಮೀನಿನಲ್ಲಿ ಜಾಸ್ತಿ. ಮೆಣಸಿನ ಖಾರವನ್ನು ಆಲ್ಕೋಹಾಲ್ ಇನ್ನಷ್ಟು ಕೆದಕುತ್ತದೆ. ಫ್ರೈಗೆ ಹುಳಿ ಇರುವ ಬಿಳಿ ವೈನೇ ಸರಿ. ಕೆಂಪೇ ಬೇಕೆಂದರೆ ಒಗರು ಕಮ್ಮಿ ಇರುವ ಫ್ರೆಂಚ್ ವೈನ್ ಬೋಜೊಲೆ, ಅದೂ 12-13 ಡಿಗ್ರಿಗೆ, ಮೀನಿಗೆ ಖಾರ ಕಮ್ಮಿ ಹಾಕಿ. ಮೆಡೋಕ್ ಅನ್ನು ಕಾಳುಮೆಣಸು ಹಾಕಿದ ಮಟನ್‌ಗೆ ಉಳಿಸಿಕೊಳ್ಳಿ, ಕುಡಿಯುವ ಒಂದು ತಾಸು ಮೊದಲು ಜಗ್ಗಿಗೆ ಬಗ್ಗಿಸಿಡಿ. ಬರೀ ಕಾರ್ಕ್ ತೆಗೆದಿಟ್ಟರೆ ಕುತ್ತಿಗೆಯಲ್ಲಿ ಗಾಳಿ ಆಡುವುದಿಲ್ಲ. ಮಿಕ್ಕಿದ್ದನ್ನು ಸಣ್ಣ ಬಾಟ್ಲಿಗೆ ಕಂಠಮಟ್ಟ ತುಂಬಿ ಫ್ರಿಜ್‌ನಲ್ಲಿಟ್ಟರೆ ಎರಡು-ಮೂರು ದಿನ ಇರುತ್ತದೆ.