ಇಬ್ಬರೇ ಶಿಕ್ಷಕರ ಶಾಲೆ: ಕಲಿಯೋಕೆ ಹೋಗುವುದು ಎಲ್ಲಿಗೆ, ಹೇಗೆ?

ಘಟ್ಟದಂಚಿನ ಟೀಚರ್ (ಸಕಲೇಶಪುರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮದು ಕಿರಿಯ ಪ್ರಾಥಮಿಕ ಶಾಲೆ, ಇಬ್ಬರೇ ಶಿಕ್ಷಕರು. ಒಂದರಿಂದ ಮೂರು ನಲಿಕಲಿ (ಮೂರೂ ತರಗತಿಯ ಮಕ್ಕಳು ಒಟ್ಟಿಗೆ ಕೂತು ಚಟುವಟಿಕೆಯಿಂದ ಕಲಿಯುವ ಪದ್ಧತಿ), ಅದನ್ನು ಇನ್ನೊಬ್ಬ ಮೇಡಂ ನೋಡಿಕೊಳ್ಳುತ್ತಾರೆ. ನಾಲ್ಕು ಮತ್ತು ಐದು ನನ್ನದು. ಜೊತೆಗೆ ಮುಖ್ಯ ಶಿಕ್ಷಕರ ಪ್ರಭಾರ, ಬಿಸಿಯೂಟದ ಲೆಕ್ಕ, ಮಕ್ಕಳ ಮಾಹಿತಿ ತುಂಬುವ ಎಸ್‌ಎಟಿಎಸ್ ತಂತ್ರಾಂಶ ಎಲ್ಲವೂ. ಮಕ್ಕಳಲ್ಲಿ ಜಾಸ್ತಿ ಜನ ಎಸ್ಟೇಟ್ ಲೈನಿನವರು, ಅಂದರೆ ತೋಟದ ಕೂಲಿಕಾರರ ಮನೆಯವರು. ಕಾಫಿ ಕೊಯ್ಲು ಶುರುವಾದ ಮೇಲೆ ಅಸ್ಸಾಂ ಕಡೆಯ ಮಕ್ಕಳೂ ಬಂದು ಸೇರುತ್ತಾರೆ, ಕೊಯ್ಲು ಮುಗಿದಾಗ ಕೆಲವರು ಉಳಿಯುತ್ತಾರೆ, ಕೆಲವರು ಒಂದು ಮಾತೂ ಹೇಳದೆ ಹೊರಟಿರುತ್ತಾರೆ.

ವಿಷಯಕ್ಕೆ ಬರುತ್ತೇನೆ. ಆದೇಶ ಬಂದರೆ ತರಬೇತಿಗೆ ಹೋಗುತ್ತೇವೆ. ಪಿಪಿಟಿ ನೋಡುತ್ತೇವೆ, ಚಾರ್ಟ್ ಬರೆಯುತ್ತೇವೆ, ಗುಂಪು ಚರ್ಚೆ ಮಾಡುತ್ತೇವೆ, ಹಾಜರಾತಿ ಪತ್ರ ತೆಗೆದುಕೊಂಡು ಬಸ್ ಹತ್ತುತ್ತೇವೆ. ಮಾರನೇ ದಿನ ತರಗತಿಯಲ್ಲಿ ಮತ್ತೆ ಅದೇ ಪಾಠ, ಅದೇ ಪೇಚಾಟ. ನಲಿಕಲಿಗೆ ಕಾರ್ಡು, ಏಣಿ, ತಟ್ಟೆ ಅಂತ ಒಂದು ವ್ಯವಸ್ಥೆಯಾದರೂ ಇದೆ. ನಾಲ್ಕು ಮತ್ತು ಐದನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಪಾಠ ಮಾಡುವುದು ಹೇಗೆ ಅಂತ ನನಗೆ ಸರಿಯಾಗಿ ಹೇಳಿಕೊಟ್ಟವರು ಯಾರೂ ಇಲ್ಲ. ಇದನ್ನು ನಿಜವಾಗಿ ಕಲಿಯಬೇಕು ಅನ್ನಿಸಿದರೆ ಎಲ್ಲಿಗೆ ಹೋಗಬೇಕು? ನಾನು ಹೋದರೆ ಐದೂ ತರಗತಿ ಒಬ್ಬರೇ ಮೇಡಂ ಮೇಲೆ ಬೀಳುತ್ತದೆ, ಅದೊಂದು ಚಿಂತೆ ಬೇರೆ. ಸ್ವಂತ ಖರ್ಚಾದರೂ ಪರವಾಗಿಲ್ಲ. ಸುಮ್ನೆ ಸರ್ಟಿಫಿಕೇಟ್ ಸಿಗುವಂಥದ್ದು ಮಾತ್ರ ಬೇಡ.

ಕಡೂರು ಮೇಷ್ಟ್ರು

ಮೇಡಂ, ದೂರ ಹೋಗುವ ಮುಂಚೆ ಹತ್ತಿರ ಇರುವುದನ್ನು ಹಿಂಡಿ ನೋಡಿ. ನಾನು ಸ್ವಲ್ಪ ಕಾಲ ಸಿಆರ್‌ಪಿ (ಸುತ್ತಲಿನ ಶಾಲೆಗಳ ಕ್ಲಸ್ಟರ್ ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ) ಆಗಿದ್ದವನು, ಒಳಗಿನ ಮಾತು ಹೇಳುತ್ತಿದ್ದೇನೆ. ಕ್ಲಸ್ಟರ್ ಸಮಾಲೋಚನಾ ಸಭೆ ಇರುವುದೇ ಇಂಥ ಕಷ್ಟಗಳನ್ನು ಮಾತಾಡಿಕೊಳ್ಳುವುದಕ್ಕೆ. ಆದರೆ ಅಲ್ಲಿ ಆಗುವುದೇನು ಅಂತ ನಿಮಗೂ ಗೊತ್ತು. ಸುತ್ತೋಲೆ ಓದುತ್ತಾರೆ, ಯಾವ ಮಾಹಿತಿ ಯಾವ ದಿನದೊಳಗೆ ಕೊಡಬೇಕು ಅಂತ ಹೇಳುತ್ತಾರೆ, ಆಮೇಲೆ ಟೀ. ಸಿಆರ್‌ಪಿಗೂ ಮೇಲಿಂದ ಒತ್ತಡ ಇರುತ್ತದೆ, ಅವರೊಬ್ಬರನ್ನೇ ಬೈದು ಪ್ರಯೋಜನ ಇಲ್ಲ. ನೀವೇ ಫೋನ್ ಮಾಡಿ, ಮುಂದಿನ ಸಭೆಯಲ್ಲಿ ಅರ್ಧ ಗಂಟೆ ನನಗೆ ಬಿಡಿ, ನಾಲ್ಕು-ಐದರ ಗಣಿತ ಒಟ್ಟಿಗೆ ಹೇಗೆ ಮಾಡುತ್ತೇನೆ ಅಂತ ತೋರಿಸುತ್ತೇನೆ, ಉಳಿದವರು ತಪ್ಪು ಹುಡುಕಲಿ ಅಂತ ಕೇಳಿ. ಕೆಲಸ ತಾವಾಗಿ ಮಾಡುತ್ತೇನೆ ಅಂದವರನ್ನು ಯಾವ ಸಿಆರ್‌ಪಿಯೂ ಬೇಡ ಅನ್ನುವುದಿಲ್ಲ.

ಇನ್ನೊಂದು, ಡಯಟ್, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ. 1986ರ ಶಿಕ್ಷಣ ನೀತಿ ಬಂದ ಮೇಲೆ ಜಿಲ್ಲೆಗೊಂದು ಅಂತ ಶುರುವಾದವು. ಹಾಸನದಲ್ಲೂ ಇದೆ, ನಮ್ಮ ಚಿಕ್ಕಮಗಳೂರಿನಲ್ಲೂ ಇದೆ. ನಾವೆಲ್ಲ ಅದನ್ನು ತರಬೇತಿ ನಡೆಯುವ ಕಟ್ಟಡ ಅಂತಷ್ಟೇ ನೋಡುತ್ತೇವೆ. ಅಲ್ಲಿನ ಉಪನ್ಯಾಸಕರಿಗೆ ಒಂದೊಂದು ತಾಲ್ಲೂಕು ಹಂಚಿರುತ್ತಾರೆ, ನೋಡಲ್ ಅಧಿಕಾರಿ ಅಂತ. ನಿಮ್ಮ ತಾಲ್ಲೂಕಿಗೆ ಯಾರು ಅಂತ ಬಿಆರ್‌ಸಿಯಲ್ಲಿ (ತಾಲ್ಲೂಕಿನ ಸಂಪನ್ಮೂಲ ಕೇಂದ್ರ) ಕೇಳಿದರೆ ಹೇಳುತ್ತಾರೆ. ಕ್ರಿಯಾ ಸಂಶೋಧನೆಗೂ (ಶಿಕ್ಷಕರು ತಮ್ಮ ತರಗತಿಯ ಸಮಸ್ಯೆಗೆ ತಾವೇ ಪ್ರಯೋಗ ಮಾಡಿ ಉತ್ತರ ಹುಡುಕುವುದು) ಅವರೇ ಮಾರ್ಗದರ್ಶನ ಕೊಡುವವರು. ನಿಮ್ಮ ಸಮಸ್ಯೆ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. ವರದಿಗೋಸ್ಕರ ಬರೆಯುವ ಕ್ರಿಯಾ ಸಂಶೋಧನೆ ಅಲ್ಲ, ಪ್ರಶ್ನೆ ನಿಮ್ಮ ಹತ್ತಿರ ನಿಜವಾಗಿಯೂ ಇದೆ. ಒಬ್ಬ ಉಪನ್ಯಾಸಕರನ್ನು ನಿಮ್ಮ ಕೋಣೆಯಲ್ಲಿ ಕೂರಿಸಿ ಪಾಠ ನೋಡುವಂತೆ ಮಾಡಿದರೆ, ಹೊರಗಿನ ಒಂದು ವಾರದ ತರಬೇತಿಗಿಂತ ಅದೇ ವಾಸಿ.

ಅರಸೀಕೆರೆ ಇಂಗ್ಲಿಷ್ ಮೇಡಂ

ಮೇಷ್ಟ್ರು ಹೇಳಿದ್ದು ಸರಿ, ಆದರೆ ಊರು ಬಿಟ್ಟು ಹೋಗಿ ಉಳಿದುಕೊಂಡು ಕಲಿಯುವುದನ್ನು ಅಷ್ಟು ಹಗುರವಾಗಿ ತಳ್ಳಿಹಾಕಬೇಡಿ. ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ, 1963ರಿಂದ ನಡೆಯುತ್ತಿದೆ. ಅಲ್ಲಿ ಸರ್ಕಾರಿ ಶಾಲೆ ಶಿಕ್ಷಕರಿಗೆ 30 ದಿನದ ಕೋರ್ಸ್. ನಾನು ಹೋಗಿ ಬಂದಿದ್ದೇನೆ. ಗ್ರಾಮರ್ ಹೇಳಿಕೊಡುತ್ತಾರೆ ಅಂದುಕೊಂಡು ಹೋದವರಿಗೆ ಮೊದಲು ನಿರಾಸೆ ಆಗುತ್ತದೆ. ಅಲ್ಲಿ ಜಾಸ್ತಿ ಹೊತ್ತು ನಾವೇ ಮಾತಾಡಬೇಕು, ನಮ್ಮ ಜೊತೆಯ ಶಿಕ್ಷಕರನ್ನೇ ಮಕ್ಕಳ ಹಾಗೆ ಕೂರಿಸಿ ಪಾಠ ಮಾಡಬೇಕು, ಮಾಡಿದ ಮೇಲೆ ಎಲ್ಲರೂ ಅಭಿಪ್ರಾಯ ಹೇಳುತ್ತಾರೆ. ಬೇರೆ ಜಿಲ್ಲೆಯವರ ಜೊತೆ ಹಾಸ್ಟೆಲ್‌ನಲ್ಲಿ ರಾತ್ರಿ ಕೂತು ಮಾತಾಡಿದ್ದರಿಂದ ನನ್ನ ಇಂಗ್ಲಿಷ್ ಭಯ ಹೋಯಿತು, ನಿಜ ಹೇಳಬೇಕೆಂದರೆ ತರಗತಿಗಿಂತ ಅದರಿಂದಲೇ ಜಾಸ್ತಿ.

ಮಗು ಚಿಕ್ಕದಿರುವ ಮೇಡಂಗಳಿಗೆ ತಿಂಗಳುಗಟ್ಟಲೆ ಮನೆ ಬಿಡುವುದು ಆಗದ ಮಾತು, ಅದಕ್ಕೆ ಪಟ್ಟಿಯಲ್ಲಿ ಹೆಸರು ಬಂದರೂ ಎಷ್ಟೋ ಜನ ರದ್ದು ಮಾಡಿಸಿಕೊಳ್ಳುತ್ತಾರೆ. ಇದರ ಬಗ್ಗೆ ಇಲಾಖೆಯಲ್ಲಿ ಯಾರೂ ತಲೆ ಕೆಡಿಸಿಕೊಂಡ ಹಾಗೆ ಕಾಣುವುದಿಲ್ಲ.

ಮೈಸೂರಿನಲ್ಲಿ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ, ಎನ್‌ಸಿಇಆರ್‌ಟಿಯದ್ದು, ಅದೂ 1963ರದ್ದೇ. ಅಲ್ಲಿಯ ಕಾರ್ಯಾಗಾರಗಳಿಗೆ ಸಾಮಾನ್ಯವಾಗಿ ಇಲಾಖೆ ಕಳಿಸಿದವರೇ ಹೋಗುವುದು. ನಿಮಗೆ ಆಸಕ್ತಿ ಇದೆ ಅಂತ ಡಯಟ್‌ನಲ್ಲಿ ಮೊದಲೇ ಗೊತ್ತಿರಲಿ. ಯಾರನ್ನು ಕಳಿಸುವುದು ಅಂತ ಕೊನೇ ಗಳಿಗೆಯಲ್ಲಿ ಹುಡುಕುವಾಗ ನೆನಪಿಗೆ ಬರುವ ಹೆಸರೇ ಪಟ್ಟಿಗೆ ಸೇರುವುದು. ಅನ್ಯಾಯ ಅನ್ನಿ, ಏನೇ ಅನ್ನಿ, ನಡೆಯುವುದು ಹಾಗೇ.

ಖಾಸಗಿ ಶಾಲೆಯವಳು (ಚಿಕ್ಕಮಗಳೂರು)

ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ನಿಮಗೆಲ್ಲ ಆದೇಶ ಬರುತ್ತದೆ ಅಂತ ಬೇಜಾರು, ನಮಗೆ ಆದೇಶವೇ ಬರುವುದಿಲ್ಲ! ಅನುದಾನರಹಿತ ಶಾಲೆಯವರನ್ನು ಯಾರು ಕರೆಯುತ್ತಾರೆ? ನಮ್ಮ ಶಾಲೆಯಲ್ಲಿ ತರಬೇತಿ ಅಂದರೆ ಪಠ್ಯಪುಸ್ತಕ ಮಾರುವ ಕಂಪನಿಯವರು ಬಂದು ಅವರ ಆ್ಯಪ್ ತೋರಿಸಿ ಹೋಗುವುದು. ಒಂದು ದಿನ ರಜೆ ಹಾಕಿ ಎಲ್ಲಾದರೂ ಕಲಿಯಲು ಹೋದರೆ ಸಂಬಳ ಕಟ್. ಅತಿಥಿ ಶಿಕ್ಷಕರ ಪಾಡೂ ಹೀಗೇ ಅಂತ ಕೇಳಿದ್ದೇನೆ.

ನಾನು ಮಾಡಿಕೊಂಡಿದ್ದು ಹೇಳುತ್ತೇನೆ. ದೀಕ್ಷಾ ಪೋರ್ಟಲ್ 2017ರಿಂದ ಇದೆ, ನಮ್ಮ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ತೆರೆಯುವುದು ಅದೇ. ಯಾರು ಬೇಕಾದರೂ ನೋಡಬಹುದು. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಅಂತ ಇನ್ನೊಂದು ತಾಣ ಇದೆ, ಕೋಯರ್ ಅನ್ನುತ್ತಾರೆ. ಪ್ರೌಢಶಾಲೆ ವಿಷಯ ಶಿಕ್ಷಕರು ತಾವೇ ಬರೆದು ಸೇರಿಸಿದ್ದು ಅಲ್ಲಿ ಬೇಕಾದಷ್ಟಿದೆ, ಕನ್ನಡದಲ್ಲೇ. ಗುಣಮಟ್ಟ ಒಂದೇ ಸಮ ಇಲ್ಲ, ಆದರೆ ತರಗತಿಯಲ್ಲಿ ನಿಂತವರು ಬರೆದಿದ್ದು ಅಂತ ಓದುವಾಗಲೇ ಗೊತ್ತಾಗುತ್ತದೆ. ಪದವಿಯ ಜೊತೆ ಡಿ.ಇಡಿ ಆಗಿ ಬಿ.ಇಡಿ ಇಲ್ಲದವರಿಗೆ ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷದ ಬಿ.ಇಡಿ ಇದೆ, ಪ್ರವೇಶ ಪರೀಕ್ಷೆ ಬರೆಯಬೇಕು. ನಾನು ಅದನ್ನೇ ಮಾಡುತ್ತಿದ್ದೇನೆ. ಅಸೈನ್‌ಮೆಂಟ್ ಬರೆದು ಬರೆದು ಕೈ ಸೋತಿದೆ.

ಕಡೂರು ಮೇಷ್ಟ್ರು

ಆನ್‌ಲೈನ್ ಬಗ್ಗೆ ಒಂದು ಮಾತು. ನಿಷ್ಠಾ ಅಂತ ಶಿಕ್ಷಕರಿಗೆ ಕೇಂದ್ರದ ಒಂದು ತರಬೇತಿ, 2019ರಲ್ಲಿ ಶುರುವಾದಾಗ ಎದುರುಬದುರು ಕೂತು ಕಲಿಯುವಂಥದ್ದು. ಕೋವಿಡ್ ಬಂದ ಮೇಲೆ ಅದು ದೀಕ್ಷಾಗೆ ಹೋಯಿತು. ಆಗ ಏನಾಯಿತು ಅಂತ ಎಲ್ಲರಿಗೂ ಗೊತ್ತು, ಆದರೂ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ವಿಡಿಯೋ ಒಂದು ಕಡೆ ಓಡುತ್ತಿರುತ್ತದೆ, ಮೇಷ್ಟ್ರು ಇನ್ನೊಂದು ಕಡೆ ಬಿಸಿಯೂಟದ ರಿಜಿಸ್ಟರ್ ಬರೆಯುತ್ತಿರುತ್ತಾರೆ, ಕ್ವಿಜ್‌ನ ಉತ್ತರ ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ. 2020ರ ರಾಷ್ಟ್ರೀಯ ನೀತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆ ಕಲಿಕೆ ಇರಬೇಕು ಅಂತ ಹೇಳುತ್ತದೆ. ಗಂಟೆ ಲೆಕ್ಕ ಹಾಕಿದರೆ ಗಂಟೆಯಷ್ಟೇ ತುಂಬುತ್ತದೆ. ಇದರ ಮಧ್ಯೆ 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತಲ್ಲ, ಐದು ವರ್ಷಕ್ಕಿಂತ ಜಾಸ್ತಿ ಸೇವೆ ಉಳಿದಿರುವವರೂ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸಾಗಬೇಕು ಅಂತ. ಈಗ ಸ್ಟಾಫ್ ರೂಮಿನಲ್ಲಿ ಓದು ಅಂದರೆ ಅದೊಂದೇ.

ಹೊಳೆನರಸೀಪುರ ವಿಜ್ಞಾನ

ಖಾಸಗಿ ಶಾಲೆಯ ಮೇಡಂ, ನಿಮ್ಮಂಥವರಿಗೆ ಸಂಘ-ಸಂಸ್ಥೆಗಳೇ ಗತಿ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು, ಭಾರತ ಜ್ಞಾನ ವಿಜ್ಞಾನ ಸಮಿತಿ ಇವೆಲ್ಲ ಸರ್ಕಾರಿಯೋ ಖಾಸಗಿಯೋ ಅಂತ ನೋಡುವುದಿಲ್ಲ. ಮಕ್ಕಳ ವಿಜ್ಞಾನ ಹಬ್ಬಕ್ಕೆ ಸ್ವಯಂಸೇವಕರಾಗಿ ಹೋಗಿ, ಒಂದು ಮೂಲೆ ವಹಿಸಿಕೊಳ್ಳಿ. ಮಕ್ಕಳಿಗೆ ಮಾಡಿಸುವ ಮುಂಚೆ ನೀವು ಮಾಡಿ ಕಲಿಯಲೇಬೇಕಾಗುತ್ತದೆ. ಅರವಿಂದ ಗುಪ್ತ ಅವರ ಆಟಿಕೆಗಳ ತಾಣವನ್ನೂ ನೋಡಿ, ಎಲ್ಲ ಉಚಿತ.

ಪ್ರೌಢಶಾಲೆಯವರು ಯಾರಾದರೂ ಓದುತ್ತಿದ್ದರೆ: ಚಳ್ಳಕೆರೆ ಹತ್ತಿರ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಇದೆ. ಅಲ್ಲಿ ವಿಜ್ಞಾನ, ಗಣಿತ ಶಿಕ್ಷಕರಿಗೆ ಉಳಿದುಕೊಂಡು ಪ್ರಯೋಗ ಮಾಡಿ ಕಲಿಯುವ ತರಬೇತಿ ಕೊಡುತ್ತಾರೆ. ಅವಕಾಶ ಸಿಕ್ಕರೆ ಬಿಡಬೇಡಿ.

ಮೂಡಿಗೆರೆಯಿಂದ

ಟೀಚರ್, ಇಷ್ಟು ಹೊತ್ತಾದರೂ ನಿಮ್ಮ ನಾಲ್ಕು-ಐದರ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, ಅಲ್ವಾ? ನಮ್ಮದೂ ಅದೇ ಕಥೆ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಪಕ್ಕದ ಊರಿನ ಶಾಲೆಯಲ್ಲಿ ಒಬ್ಬ ಮೇಡಂ ಇದ್ದಾರೆ, ಅವರೂ ನಾಲ್ಕು-ಐದು ಒಟ್ಟಿಗೆ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಒಂದು ವಾರ ನಾನು ಅಲ್ಲಿಗೆ, ಇನ್ನೊಂದು ವಾರ ಅವರು ಇಲ್ಲಿಗೆ. ಯಾರ ಆದೇಶವೂ ಬೇಕಿಲ್ಲ. ಮೊದಲು ಮಾಡಿದ ಕೆಲಸ, ಎರಡೂ ತರಗತಿಯ ಪುಸ್ತಕಗಳನ್ನು ನೆಲದ ಮೇಲೆ ಹರಡಿಕೊಂಡು ಜೋಡಿ ಹುಡುಕಿದ್ದು. ಗಣಿತದಲ್ಲಿ ಭಿನ್ನರಾಶಿ, ಅಳತೆ, ಆಕೃತಿ, ಹಣ ಎರಡರಲ್ಲೂ ಬರುತ್ತದೆ, ಆಳ ಮಾತ್ರ ಬೇರೆ. ಹಾಗಾಗಿ ಶುರು ಮಾಡುವ ಚಟುವಟಿಕೆ ಎಲ್ಲರಿಗೂ ಒಂದೇ. ಆಮೇಲೆ ನಾಲ್ಕರವರು ಕಾಗದ ಮಡಿಸಿ ಬಣ್ಣ ತುಂಬುತ್ತಿರುವಾಗ ಐದರವರಿಗೆ ಮುಂದಿನ ಹಂತ ಹೇಳುತ್ತೇನೆ, ಅವರು ಲೆಕ್ಕಕ್ಕೆ ಕೂತಾಗ ಈ ಕಡೆ ಬರುತ್ತೇನೆ. ಪರಿಸರ ಅಧ್ಯಯನದಲ್ಲೂ ನೀರು, ಆಹಾರ ಇಂಥವು ಹೀಗೇ ಕೂಡಿಸಿಕೊಳ್ಳಬಹುದು. ಜೋಡಿ ಸಿಗದ ಪಾಠಗಳೂ ಇವೆ, ಅವನ್ನು ಬೇರೆ ಬೇರೆಯಾಗಿಯೇ ಮಾಡಬೇಕು, ಬೇರೆ ದಾರಿ ಇಲ್ಲ.

ನಿಮ್ಮ ಶಾಲೆಯ ಬೀರುವಿನಲ್ಲಿ ಗಣಿತ ಕಲಿಕಾ ಆಂದೋಲನದ ಕಿಟ್ ಇದೆಯಾ ನೋಡಿ. ಅಕ್ಷರ ಫೌಂಡೇಶನ್ ಮಾಡಿದ್ದು, ನಾಲ್ಕು-ಐದಕ್ಕೇ ಅಂತ ಕೊಟ್ಟಿದ್ದು. ಎಷ್ಟೋ ಕಡೆ ಕಳೆದುಹೋದರೆ ಲೆಕ್ಕ ಕೊಡಬೇಕಲ್ಲ ಅಂತ ಬೀಗ ಹಾಕಿಟ್ಟಿದ್ದಾರೆ. ಭಿನ್ನರಾಶಿ ಪಟ್ಟಿಗಳನ್ನು ಐದರ ಮಗು ನಾಲ್ಕರ ಮಗುವಿಗೆ ತೋರಿಸುವಾಗ ನಾವು ಸುಮ್ನೆ ನಿಂತು ನೋಡಬೇಕು.

ಅಸ್ಸಾಂ ಮಕ್ಕಳ ವಿಷಯ: ಅವರ ಮಾತನ್ನು ಕನ್ನಡ ಅಕ್ಷರದಲ್ಲಿ ಬರೆದು ಗೋಡೆಗೆ ಹಾಕಿ. ನೀರು, ಅನ್ನ, ಕೂತುಕೋ, ಹೊಟ್ಟೆನೋವು, ಇಷ್ಟರಿಂದ ಶುರು ಮಾಡಿ. ಬರೆಸುವಾಗ ಅವರು ಟೀಚರ್, ನಾವು ಕಲಿಯುವವರು. ಉಳಿದ ಮಕ್ಕಳಿಗೆ ಅದೇ ದೊಡ್ಡ ಮಜಾ. ಹೊಸದಾಗಿ ಬಂದ ಮಗುವಿನ ಪಕ್ಕ ಹೋದ ವರ್ಷ ಬಂದು ಉಳಿದ ಮಗುವನ್ನೇ ಕೂರಿಸಿ, ಅರ್ಧ ಅನುವಾದ ಅಲ್ಲೇ ಆಗುತ್ತದೆ. ಇದನ್ನು ನಾನು ಯಾವ ಮಾಡ್ಯೂಲಿನಲ್ಲೂ ಓದಿದ್ದಲ್ಲ, ಆ ಪಕ್ಕದ ಶಾಲೆಯ ಮೇಡಂ ಮಾಡುತ್ತಿದ್ದುದನ್ನು ನೋಡಿ ಕಲಿತದ್ದು.

ಘಟ್ಟದಂಚಿನ ಟೀಚರ್

ಕಿಟ್ ಇದೆ! ಬೀಗವೂ ಇದೆ, ಕೀ ನನ್ನ ಹತ್ತಿರವೇ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೆಂಗಳೂರಿನ ಕೋರ್ಸ್ ಈ ವರ್ಷ ನನಗೆ ಆಗುವುದಿಲ್ಲ, ಮೇಡಂ ಒಬ್ಬರನ್ನೇ ಬಿಟ್ಟು ಅಷ್ಟು ದಿನ ಹೋಗುವುದಕ್ಕೆ ಮನಸ್ಸು ಬರುವುದಿಲ್ಲ. ಆದರೆ ಶನಿವಾರದ್ದು ಖಂಡಿತ ಮಾಡಬಹುದು. ಮೂಡಿಗೆರೆಯವರೇ, ನಿಮ್ಮ ಜೋಡಿ ಪಾಠಗಳ ಪಟ್ಟಿ ಇದ್ದರೆ ಫೋಟೋ ಹಾಕುತ್ತೀರಾ? ಮತ್ತೆ ಮೇಷ್ಟ್ರೇ, ಕೆಲಸದ ದಿನ ಬೇರೆ ಶಾಲೆಯ ತರಗತಿ ನೋಡಲು ಹೋದರೆ ಓಓಡಿ (ರಜೆ ಅಲ್ಲ, ಬೇರೆ ಕಡೆ ಕರ್ತವ್ಯದ ಮೇಲಿದ್ದ ಹಾಗೆ ಲೆಕ್ಕ) ಕೊಡುತ್ತಾರಾ?

ಕಡೂರು ಮೇಷ್ಟ್ರು

ಬಾಯಿಮಾತಲ್ಲಿ ಒಪ್ಪಿದರು ಅಂತ ಹೋಗಬೇಡಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಗೆ ಸಿಆರ್‌ಪಿ ಮೂಲಕ ಮೊದಲೇ ಅರ್ಜಿ ಕೊಡಿ, ಯಾವ ಶಾಲೆ, ಯಾವ ಪಾಠ ನೋಡುತ್ತೀರಿ ಅಂತ ಬರೆಯಿರಿ. ಒಪ್ಪಿಗೆ ಬರವಣಿಗೆಯಲ್ಲಿ ಸಿಕ್ಕ ಮೇಲೆ ಚಲನವಲನ ವಹಿಯಲ್ಲಿ ನಮೂದಿಸಿ ಹೋಗಿ, ಅಲ್ಲಿಂದ ಹಾಜರಾತಿ ಪತ್ರಕ್ಕೆ ಸೀಲ್ ಹಾಕಿಸಿಕೊಂಡು ಬನ್ನಿ. ಮಳೆ ರಜೆ ಸರಿದೂಗಿಸಲು ಶನಿವಾರ ಪೂರ್ತಿ ದಿನ ಶಾಲೆ ಮಾಡಿ ಅಂದರೆ ಮಾತ್ರ ನಿಮ್ಮ ಪ್ಲಾನ್ ಕೆಡುತ್ತದೆ, ಅದಕ್ಕೆ ಭಾನುವಾರ ಒಂದನ್ನು ಕೈಯಲ್ಲಿ ಇಟ್ಟುಕೊಂಡಿರಿ.

ಮೂಡಿಗೆರೆಯಿಂದ

ಪಟ್ಟಿ ನೋಟ್‌ಬುಕ್ಕಿನಲ್ಲಿದೆ, ಅಕ್ಷರ ಸ್ವಲ್ಪ ಕೋಳಿ ಕೆರೆದ ಹಾಗಿದೆ, ಸಂಜೆ ಫೋಟೋ ಹಾಕುತ್ತೇನೆ. ಗಣಿತ ಪೂರ್ತಿ ಇದೆ. ಪರಿಸರ ಅರ್ಧ ಆಗಿದೆ, ಉಳಿದದ್ದನ್ನು ನೀವು ಮಾಡಿ ಇಲ್ಲೇ ಹಾಕಿ.