ಸ್ನೇಹ ಕ್ಲಿನಿಕ್ ಡಾಕ್ಟರನ್ನು ಕೇಳಿ (ಹೈಸ್ಕೂಲ್ ಪೋಷಕರು, ಶಿಕ್ಷಕರ ಗುಂಪು)

ಒಬ್ಬ ತಾಯಿ: ಮೇಡಂ, ಸ್ಕೂಲಲ್ಲಿ ವಾರಕ್ಕೊಮ್ಮೆ ಕೊಡೋ ನೀಲಿ ಮಾತ್ರೆ ತಿಂದ್ರೆ ಮುಂದೆ ಮಕ್ಕಳಾಗಲ್ವಂತೆ, ಹೌದಾ?

ಡಾಕ್ಟರ್: ಸುಳ್ಳು. ಅದರಲ್ಲಿರೋದು 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಸಿಡ್. ರಕ್ತ ಕಡಿಮೆ ಆಗದಿರಲಿ ಅಂತ. ಊಟ ಆದ್ಮೇಲೆ ನುಂಗಲಿ. ಮಲ ಕಪ್ಪಗಾದ್ರೆ ಗಾಬರಿ ಬೇಡ.

ಶಿಕ್ಷಕಿ: ಮೇಡಂ, ಒಂಬತ್ತನೇ ಕ್ಲಾಸ್ ಹುಡುಗಿ, 15 ವರ್ಷ. ಎರಡು ತಿಂಗಳಿಂದ ಮುಟ್ಟಾಗಿಲ್ಲ. ಪ್ರೇಯರ್‌ನಲ್ಲಿ ಎರಡು ಸಲ ವಾಂತಿ ಮಾಡ್ಕೊಂಡಳು. ಕೇಳಿದ್ರೆ ವೇಲ್ ತುದಿ ಬೆರಳಿಗೆ ಸುತ್ಕೊಂಡು ಸುಮ್ಮನೆ ಕೂರ್ತಾಳೆ. ಅವಳಮ್ಮ ಪಪ್ಪಾಯಿ, ಎಳ್ಳು ಬೆಲ್ಲ ಕೊಡ್ತಿದ್ದಾರೆ.

ಡಾಕ್ಟರ್: ಟೀಚರ್, ಮೊದಲು ಊರು, ಶಾಲೆ ಹೆಸರು ಇಲ್ಲಿ ಬರೀಬೇಡಿ. ಮೈನೆರೆದ ಮೊದಲೆರಡು ವರ್ಷ ಮುಟ್ಟು ತಪ್ಪೋದುಂಟು, ಥೈರಾಯ್ಡ್, ಪಿಸಿಒಡಿ (ಅಂಡಾಶಯದ ಹಾರ್ಮೋನ್ ತೊಂದರೆ) ಇದ್ದರೂ ತಪ್ಪುತ್ತೆ. ಆದರೆ ವಾಂತಿಯೂ ಇದೆ ಅಂದಮೇಲೆ ಮೂತ್ರ ಪರೀಕ್ಷೆ ನಾಳೆಯೇ ಆಗಲಿ. ಪಪ್ಪಾಯಿ, ಎಳ್ಳಿನಿಂದ ಬಸಿರು ಇಳಿಯಲ್ಲ, ದಿನ ಕಳೆಯುತ್ತೆ ಅಷ್ಟೇ. ನಮಗೆ ಒಂದೊಂದು ವಾರವೂ ಲೆಕ್ಕ. 9 ವಾರದೊಳಗಾದ್ರೆ ಡಾಕ್ಟರ ನಿಗಾದಲ್ಲಿ ಗರ್ಭಪಾತ ಮಾತ್ರೆಯಲ್ಲೇ ಮುಗಿಯಬಹುದು. 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, ಅದು ದಾಟಿ 24ರವರೆಗೆ ಇಬ್ಬರದು ಬೇಕು. ಪೋಷಕರ ಲಿಖಿತ ಒಪ್ಪಿಗೆ ಬೇಕೇ ಬೇಕು.

ಹುಡುಗಿಯನ್ನ ಒಬ್ಬಳೇ ಕೂರಿಸಿ ಮಾತಾಡ್ತೀನಿ. "ಯಾರು ಅವನು" ಅಂತ ನೀವು ಈಗಲೇ ಕೆದಕಬೇಡಿ, ಬಲವಂತ ನಡೆದಿದ್ರೆ ಅವಳು ಇನ್ನೂ ಮುಚ್ಚಿಕೊಳ್ತಾಳೆ. 18 ತುಂಬಿಲ್ಲ, ಹಾಗಾಗಿ ಬಸಿರಿದ್ರೆ ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯೋ ಕಾನೂನು) ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಆ ಹೆದರಿಕೆಗೇ ಅಮ್ಮಂದಿರು ಆಸ್ಪತ್ರೆ ತಪ್ಪಿಸ್ತಾರೆ. ಹುಡುಗಿ, ಪೋಷಕರು ಕೇಳ್ಕೊಂಡ್ರೆ ಗರ್ಭಪಾತ ಮಾಡೋ ವೈದ್ಯರು ಪೊಲೀಸರಿಗೆ ತಿಳಿಸುವಾಗ ಅವಳ ಹೆಸರು, ವಿಳಾಸ ಕೊಡಬೇಕಿಲ್ಲ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಮ್ಮನಿಗೆ ಇದನ್ನ ಹೇಳಿ.

ಸದಸ್ಯರು: ಫಾರ್ವರ್ಡ್ ಬಂದಿದೆ ನೋಡಿ, ಅನಾನಸ್ ರಸಕ್ಕೆ ಕರಿಮೆಣಸು...

ಡಾಕ್ಟರ್: ಅಳಿಸಿ. ಮೆಡಿಕಲ್ ಶಾಪ್ ಮಾತ್ರೆಯನ್ನೂ ಯಾರೂ ಹೇಳ್ಕೊಡಬೇಡಿ. ಬಸಿರು ಗರ್ಭಕೋಶದ ಬದಲು ನಳಿಕೆಯಲ್ಲಿದ್ರೆ ಒಳಗೇ ರಕ್ತ ಸುರಿದು ಜೀವ ಹೋಗಬಹುದು.

ಇನ್ನೊಬ್ಬ ತಾಯಿ: ಮಗಳಿಗೆ ಬಿಳಿ ಹೋಗುತ್ತೆ ಮೇಡಂ.

ಡಾಕ್ಟರ್: ಮೂರನೇ ಸಲ ಹೇಳ್ತಿದ್ದೀನಿ. ವಾಸನೆ, ತುರಿಕೆ ಇಲ್ಲಾಂದ್ರೆ ಸಹಜ.

ಒಬ್ಬ ತಂದೆ: ಶಾಲೇಲಿ ಇಂಥವನ್ನ ಪಾಠ ಮಾಡಿದ್ದರಿಂದಲೇ ಹೀಗಾಗೋದು. 2007ರಲ್ಲಿ ನಮ್ಮ ರಾಜ್ಯದಲ್ಲಿ ಲೈಂಗಿಕ ಶಿಕ್ಷಣ ನಿಲ್ಲಿಸಿದ್ದೇ ಸರಿ.

ಅಂಗನವಾಡಿ ಕಾರ್ಯಕರ್ತೆ: ಪಾಠ ಎಲ್ಲಿ ಮಾಡಿದ್ದಾರಣ್ಣ? ಆ ಅಧ್ಯಾಯ ಬಂದ್ರೆ ಮನೇಲಿ ಓದ್ಕೊಳ್ಳಿ ಅಂತಾರೆ.

ತಂದೆ: ನಿಮ್ಮ ಮನೆ ಹೆಣ್ಣುಮಕ್ಕಳಿಗೆ ನೀವು ಹೇಳ್ಕೊಳ್ಳಿ.

ಕಾರ್ಯಕರ್ತೆ: ಹೇಳಿದ್ದೀನಿ. ಗಂಡುಮಗನಿಗೂ. ನೀವು?

ಮತ್ತೊಬ್ಬರು: ಗರ್ಭಕೊರಳಿನ ಕ್ಯಾನ್ಸರ್ ತಡೆಯೋ ಎಚ್‌ಪಿವಿ ಲಸಿಕೆ ಎಲ್ಲಿ ಸಿಗುತ್ತೆ?

ತಂದೆ: ಗುಂಪು ಬಿಡ್ತೀನಿ.

ಡಾಕ್ಟರ್: ಬಿಡೋ ಮೊದಲು ಕೇಳಿ. ಪಾಠ ಕೇಳಿದ ಮಕ್ಕಳು ಬೇಗ ದಾರಿ ತಪ್ಪಲ್ಲ ಅಂತ ಹಲವು ದೇಶಗಳ ಅಧ್ಯಯನ ನೋಡಿಯೇ ಯುನೆಸ್ಕೊ 2018ರಲ್ಲಿ ಹೇಳಿದೆ. ವರ್ಷಕ್ಕೊಂದು ಭಾಷಣ ಸಾಲದು, ಪ್ರತಿ ತರಗತಿಯಲ್ಲೂ ವಯಸ್ಸಿಗೆ ತಕ್ಕಂತೆ, ಹುಡುಗರಿಗೂ ಹೇಳಬೇಕು.

ಶಿಕ್ಷಕಿ: ಮೇಡಂ, ಅವಳಮ್ಮ ಒಪ್ಪಿದ್ರು.

ಡಾಕ್ಟರ್: ಬೆಳಿಗ್ಗೆ ಒಂಬತ್ತೂವರೆ. ಚೀಟಿ ಸಾಲಲ್ಲಿ ನಿಲ್ಲಿಸಬೇಡಿ, ನೇರ ನನ್ನ ರೂಮಿಗೆ ಕರ್ಕೊಂಡು ಬನ್ನಿ.