ಪದಚರ್ಚೆ: ಸೆಡೇಶನ್‌ಗೆ ‘ಮಂಪರು’ ಅನ್ನಬಹುದಾ?

ಗೆಳೆಯರೇ,

ಹೃದ್ರೋಗಿಗಳು ಹಲ್ಲು ಕೀಳಿಸುವ ಮುಂಚೆ ಓದಬೇಕಾದ ಒಂದು ಪುಟದ ಸೂಚನೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸೆಡೇಶನ್, ಅಂದರೆ ಔಷಧಿ ಕೊಟ್ಟು ರೋಗಿಯ ಹೆದರಿಕೆ ತಗ್ಗಿಸಿ ತೂಕಡಿಸುವಂತೆ ಮಾಡುವುದು, ಅನ್ನುವ ಪದದ ಹತ್ತಿರ ಎರಡು ದಿನದಿಂದ ಗಾಡಿ ನಿಂತಿದೆ.

ಎಷ್ಟೋ ಕಡೆ ಸುಮ್ನೆ ‘ಅರಿವಳಿಕೆ’ ಅಂತ ಬರೆದುಬಿಡುತ್ತಾರೆ. ಅದು ಅನಸ್ತೇಶಿಯಾಕ್ಕೆ ಒಪ್ಪುವ ಪದ, ಅರಿವು ಅಳಿಯುವುದು. ಇಲ್ಲಿ ಅರಿವು ಅಳಿಯುವುದಿಲ್ಲ. ಹಲ್ಲಿನ ಡಾಕ್ಟರು ಸಾಮಾನ್ಯವಾಗಿ ಕೊಡುವುದು ಹಗುರ ಇಲ್ಲವೇ ಮಧ್ಯಮ ಮಟ್ಟದ್ದು: ಮೂಗಿಗೆ ಮಾಸ್ಕ್ ಇಟ್ಟು ಆಕ್ಸಿಜನ್ ಬೆರೆಸಿದ ನೈಟ್ರಸ್ ಆಕ್ಸೈಡ್, ಅಥವಾ ಮಿಡಾಜೋಲಾಮ್ ಅನ್ನುವ ಔಷಧಿ. ರೋಗಿ ತಾನೇ ಉಸಿರಾಡುತ್ತಾನೆ, ‘ಬಾಯಿ ಅಗಲಿಸಿ’ ಅಂದರೆ ಅಗಲಿಸುತ್ತಾನೆ. ನೋವು ಗೊತ್ತಾಗದಿರಲು ಒಸಡಿಗೆ ಚುಚ್ಚುವ ಲಿಗ್ನೋಕೇನ್ ಬೇರೆ. ಅದಕ್ಕೆ ‘ಮರಗಟ್ಟಿಸುವ ಇಂಜೆಕ್ಷನ್’ ಅಂದರೆ ಸಾಕು.

ಹೆದರಿದರೆ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಎದೆ ಡವಡವ ಅನ್ನುತ್ತದೆ, ಬಿಪಿ ಜಾಸ್ತಿಯಾಗುತ್ತದೆ. ಹೃದ್ರೋಗಿಗೆ ಸೆಡೇಶನ್ ಕೊಡುವುದೇ ಈ ಹೆದರಿಕೆ ತಗ್ಗಿಸಲು. ‘ಅರಿವಳಿಕೆ ಕೊಡುತ್ತೇವೆ’ ಅಂತ ಬರೆದರೆ ಓದುವಾಗಲೇ ಬಿಪಿ ಏರುತ್ತದೆ, ಅಲ್ವಾ?

‘ಮಂಪರು’ ಸರಿ ಅನ್ನಿಸಿತು. ಸ್ಟೆಂಟ್ ಹಾಕಿಸಿಕೊಂಡಿರುವ ನಮ್ಮ ದೊಡ್ಡಪ್ಪನಿಗೆ ಕರಡು ಕೊಟ್ಟೆ. ಓದಿ, ಕನ್ನಡಕ ತೆಗೆದು ಕೇಳಿದರು: ‘ಏನಪ್ಪಾ, ಹಲ್ಲು ಕೀಳೋಕೂ ಮಂಪರು ಪರೀಕ್ಷೆನಾ? ನಾನೇನು ಕದ್ದಿದೀನಿ?’ ಆರೋಪಿಗೆ ಔಷಧಿ ಕೊಟ್ಟು ಬಾಯಿ ಬಿಡಿಸುವ ನಾರ್ಕೋ ಅನಾಲಿಸಿಸ್‌ಗೆ ಪೇಪರಿನವರು ಇದೇ ಪದ ಬಳಸಿ ಬಳಸಿ ಹೀಗಾಗಿದೆ. ಒಪ್ಪಿಗೆ ಇಲ್ಲದೆ ಆ ಪರೀಕ್ಷೆ ಮಾಡಕೂಡದು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತು, ಪದಕ್ಕೆ ಅಂಟಿದ ಠಾಣೆಯ ವಾಸನೆ ಮಾತ್ರ ಹೋಗಿಲ್ಲ.

‘ಮತ್ತು’ ಅಂದರೆ ಹೆಂಡದಂಗಡಿ ನೆನಪಾಗುತ್ತದೆ. ಅದೂ ಅಲ್ಲದೆ ‘ಮತ್ತು ಮತ್ತು ಅರಿವಳಿಕೆ’ ಅಂತ ತಲೆಬರಹ ಕೊಡಬೇಕಾದೀತು! ‘ಶಾಮಕ’ ಅಂದರೆ ನೋವಿನ ಮಾತ್ರೆ ಅಂದುಕೊಳ್ಳುತ್ತಾರೆ.

ಉಳಿದದ್ದು ‘ಜೊಂಪು’. ಊಟವಾಗಿ ಗೋಡೆಗೆ ಒರಗಿದರೆ ಹತ್ತುತ್ತದಲ್ಲ, ಅದು. ಯಾರಾದರೂ ಕೂಗಿದರೆ ‘ಹೂಂ’ ಅನ್ನುತ್ತೇವೆ. ಹಗುರ, ಮಧ್ಯಮ ಮಟ್ಟಕ್ಕೆ ಇದೇ ಹೊಂದುತ್ತದೆ. ಆಳದ್ದಕ್ಕೆ ಬೇಕಾದರೆ ಮಂಪರು ಇರಲಿ. ತೊಡಕಿರುವುದು ಕ್ರಿಯಾಪದದಲ್ಲಿ. ಜೊಂಪು ತಾನಾಗಿ ಹತ್ತುತ್ತದೆ, ಡಾಕ್ಟರು ಅದನ್ನು ‘ಕೊಡುವುದು’ ಹೇಗೆ? ‘ಜೊಂಪು ಹತ್ತಿಸುವ ಔಷಧಿ’ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ? ಧಾರವಾಡ, ಮಂಗಳೂರು ಕಡೆಯ ಮನೆಮಾತಿನಲ್ಲಿ ಬೇರೆ ಪದವಿದ್ದರೆ ಬೇಗ ತಿಳಿಸಿ. ದೊಡ್ಡಪ್ಪನ ಹಲ್ಲಿಗೆ ಬುಧವಾರ ಅಪಾಯಿಂಟ್‌ಮೆಂಟ್ ಇದೆ.